ಮಗಳು ಕೇಳಿದ್ದಾಳೆ, ‘ನನ್ನ ಖರೇನ ತಂದೀರೇನು?’ ಹೇಗೆ ಹೇಳಲಿ?

ಕಿನ್ನಾಳ ಬೊಂಬೆ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮಗಳಿಗೆ ಈಗ 7 ವರ್ಷ, ಎರಡನೇ ಕ್ಲಾಸು. 2019ರಲ್ಲಿ ದತ್ತು ಪಡೆದೆವು. ಆಗ ಅವಳಿಗೆ 14 ತಿಂಗಳು. ಕಾರಾ (ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಪೋರ್ಟಲ್‌ನಲ್ಲಿ ಹೆಸರು ಹಚ್ಚಿ 3 ವರ್ಷ ಕಾದಿದ್ದೆವು. ಕೋರ್ಟಿನ ಆದೇಶ, ನಮ್ಮ ಹೆಸರಿರುವ ಜನನ ಪ್ರಮಾಣಪತ್ರ ಎಲ್ಲ ಸರಿಯಾಗಿದೆ. ಕಾಗದದಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ. ತಪ್ಪಿದ್ದು ಒಂದೇ. ಅವಳಿಗೆ ನಾವು ಇದುವರೆಗೆ ಹೇಳಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ 6 ವರ್ಷ ಕಳೆದುಬಿಟ್ಟೆವು.

ಹೋದ ತಿಂಗಳು ಗಂಗಾವತಿ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮವರ ತೊಟ್ಟಿಲ ಕಾರ್ಯಕ್ರಮ ಇತ್ತು. ಊಟ ಆದಮೇಲೆ ದೊಡ್ಡವ್ವ ಒಬ್ಬರು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ರೇಗಿಸುತ್ತಿದ್ದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಮಾತು ಅದು. ‘ನಿನ್ನ ತೌಡು ಕೊಟ್ಟು ತಂದೀವಿ ನೋಡು.’ ಒಬ್ಬೊಬ್ಬರಿಗೂ ಹೇಳುವುದು, ಮಕ್ಕಳು ಕಿರುಚುವುದು, ನಗುವುದು. ನನ್ನ ಮಗಳ ಸರದಿ ಬಂದಾಗ ದೊಡ್ಡವ್ವ ‘ನಿನ್ನ...’ ಅಂದವರು ಅಲ್ಲೇ ನಿಲ್ಲಿಸಿಬಿಟ್ಟರು. ಸುತ್ತ ಇದ್ದ ಹೆಂಗಸರೆಲ್ಲ ನೆಲ ನೋಡಿದರು. ಪೂರ್ತಿ ಹೇಳಿಬಿಟ್ಟಿದ್ದರೆ ಅವಳೂ ನಗುತ್ತಿದ್ದಳೇನೋ. ಆ ಸುಮ್ಮನಾದದ್ದು ಅವಳಿಗೆ ತಾಕಿತು. ಅಷ್ಟರಲ್ಲಿ ಒಬ್ಬ ಹುಡುಗ, ಹತ್ತು ವರ್ಷದವನು, ‘ಅಕಿನ್ನ ಖರೇನ ತಂದಾರ’ ಅಂದ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದಳು. ‘ಅವ್ವಾ, ನನ್ನ ಖರೇನ ತಂದೀರೇನು?’ ಮನೆಗೆ ಹೋಗಿ ಹೇಳ್ತೀನಿ ಅಂದೆ. 12 ದಿನ ಆಯಿತು. ನಾನು ಹೇಳಿಲ್ಲ, ಅವಳೂ ಮತ್ತೆ ಕೇಳಿಲ್ಲ. ಆದರೆ ರಾತ್ರಿ ಎದ್ದು ನನ್ನ ಸೆರಗು ಹಿಡಿದು ಮಲಗುತ್ತಾಳೆ. ಮೊದಲು ಹಾಗೆ ಮಾಡುತ್ತಿರಲಿಲ್ಲ.

ನಮ್ಮ ಅತ್ತೆ ‘ಹೇಳಬ್ಯಾಡ, ಮಗು ದೂರ ಆಗ್ತದ’ ಅನ್ನುತ್ತಾರೆ. ಅವರಿಗೆ ಮೊಮ್ಮಗಳ ಮೇಲೆ ಜೀವ, ಅದಕ್ಕೇ ಹೆದರುತ್ತಾರೆ. ಇದನ್ನು ದಾಟಿದವರು ಯಾರಾದರೂ ಇದ್ದೀರಾ?

—

ಕಂಪ್ಲಿ ತಾತ (ಕಂಪ್ಲಿ)

ತಾಯೀ, ನಿಮ್ಮ ಅತ್ತೆ ಹೇಳೋದು ಸರಿ ಅನಿಸುತ್ತದೆ. ನನಗೆ 71. ನಮ್ಮ ವಂಶದಲ್ಲಿ ಎರಡು ತಲೆಮಾರಿಗೆ ದತ್ತಕ ಆಗಿದೆ. ಯಾರೂ ಕೂತು ಮಗುವಿಗೆ ಬಿಡಿಸಿ ಹೇಳಿದ್ದಿಲ್ಲ. ಮಕ್ಕಳು ಚೆನ್ನಾಗೇ ಬೆಳೆದರು. 7 ವರ್ಷದ ಕೂಸಿನ ತಲೆಗೆ ಇಷ್ಟು ದೊಡ್ಡ ಭಾರ ಯಾಕೆ? ಮರೆಯುತ್ತಾಳೆ ಬಿಡಿ. ಬುದ್ಧಿ ಬಲಿತ ಮೇಲೆ ಹೇಳಿ.

—

ಕಪ್ಪು ಮಣ್ಣು (ಸಿರುಗುಪ್ಪ)

ತಾತ, ನಿಮ್ಮ ವಯಸ್ಸಿಗೆ ಗೌರವ ಇಟ್ಟೇ ಹೇಳುತ್ತೇನೆ. ನಾನು ಬುದ್ಧಿ ಬಲಿತ ಮೇಲೆ ಗೊತ್ತಾದವನು.

ನನಗೆ ಆಗ 24. ಅಪ್ಪ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಹೊಲ ನನ್ನ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಅರ್ಜಿ ಕೊಟ್ಟ ಮೇಲೆ ದೊಡ್ಡಪ್ಪನ ಮಕ್ಕಳು ತಕರಾರು ಹಾಕಿದರು. ‘ಇವನು ಸಾಕಿದ ಮಗ, ಯಾವ ಪತ್ರನೂ ಇಲ್ಲ’ ಅಂತ. ನಾನು ಅವರ ಮೇಲೆ ಕೈ ಮಾಡಲು ಹೋದೆ. ಮನೆಗೆ ಬಂದು ಅಮ್ಮನ ಮುಖ ನೋಡಿದಾಗ ಗೊತ್ತಾಯಿತು, ಅವರು ಹೇಳಿದ್ದು ನಿಜ.

ನನ್ನನ್ನು ಹೆತ್ತವರು ನನ್ನ ಚಿಕ್ಕಮ್ಮ. ಅಮ್ಮನ ಸ್ವಂತ ತಂಗಿ. ಅವರಿಗೆ ನಾನು ನಾಲ್ಕನೆಯವನು. ಅಕ್ಕನಿಗೆ ಮಕ್ಕಳಿಲ್ಲ ಅಂತ ಬಾಣಂತನ ಮುಗಿಯುವ ಮೊದಲೇ ಕೊಟ್ಟರಂತೆ. ಚಿಕ್ಕಮ್ಮ ಯುಗಾದಿಗೆ ಬಂದಾಗಲೆಲ್ಲ ನನ್ನ ತಲೆ ಮೇಲೆ ಕೈ ಇಟ್ಟು ಅಳುತ್ತಿದ್ದರು. ನಾನು ಅವರನ್ನು ಅಳುಬುರುಕಿ ಅಂತ ಆಡಿಕೊಂಡಿದ್ದೆ. ನನಗೆ ವಿಷಯ ಗೊತ್ತಾಗುವ ಹೊತ್ತಿಗೆ ಅವರು ಹೋಗಿ 2 ವರ್ಷ ಆಗಿತ್ತು.

ಊರವರಿಗೆ ಗೊತ್ತಿತ್ತು. ಕಿರಾಣಿ ಅಂಗಡಿಯವನಿಗೆ ಗೊತ್ತಿತ್ತು. ನನ್ನ ಗೆಳೆಯನ ಅಮ್ಮನಿಗೆ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ. ಸಿಟ್ಟು ಬಂದದ್ದು ಅದಕ್ಕೆ. ದತ್ತು ಕೊಟ್ಟದ್ದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅಮ್ಮ ನನ್ನನ್ನು ಹೇಗೆ ಸಾಕಿದರು ಅಂತ ನನಗೆ ಗೊತ್ತು. ಆದರೂ 3 ವರ್ಷ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅವರು ಹೇಳುವ ಸಣ್ಣ ಮಾತಿನಲ್ಲೂ ಇನ್ನೇನು ಮುಚ್ಚಿಟ್ಟಿದ್ದಾರೋ ಅನಿಸುತ್ತಿತ್ತು.

ಜನ ನನಗೆ ಯಶೋದೆ ಕಥೆ ಹೇಳಿ ಸಮಾಧಾನ ಮಾಡುತ್ತಾರೆ. ನನಗೆ ನೆನಪಾಗುವುದು ಕರ್ಣ. ರಾಧೆ ಅವನಿಗೆ ಏನೂ ಕಡಿಮೆ ಮಾಡಲಿಲ್ಲ ಅಲ್ವಾ? ಆದರೆ ಹೆತ್ತವಳು ಯಾರು ಅಂತ ತಿಳಿದದ್ದು ಯುದ್ಧದ ಬಾಗಿಲಲ್ಲಿ. ಅಷ್ಟು ಹೊತ್ತಿಗೆ ಆ ಸತ್ಯ ಇಟ್ಟುಕೊಂಡು ಅವನು ಮಾಡುವುದೇನೂ ಉಳಿದಿರಲಿಲ್ಲ.

ಅಕ್ಕಾ, ಇವತ್ತೇ ಹೇಳಿ. ಅವಳು ಮರೆತಿಲ್ಲ. ನೀವು ಹೇಳುತ್ತೀರೋ ಇಲ್ಲವೋ ಅಂತ ಕಾಯುತ್ತಿದ್ದಾಳೆ.

—

ಘಟಕದಲ್ಲಿದ್ದವಳು (ರಾಯಚೂರು)

ನಾನು ಮಕ್ಕಳ ರಕ್ಷಣಾ ಕೆಲಸದಲ್ಲಿ ಹಲವು ವರ್ಷ ಇದ್ದೆ. ಈಗ ಬಿಟ್ಟಿದ್ದೇನೆ. ಸಿರುಗುಪ್ಪದ ತಮ್ಮ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇಂಥ ಕಥೆ ನಮ್ಮ ಭಾಗದಲ್ಲಿ ಒಂದೆರಡಲ್ಲ.

ಮೊದಲು ಹೇಳುವ ವಿಷಯ. ಹೇಗೆ ಹೇಳಬೇಕು ಅನ್ನುವುದಕ್ಕಿಂತ ಏನನ್ನು ಹೇಳಬಾರದು ಅನ್ನುವುದು ನನಗೆ ಹೆಚ್ಚು ಖಚಿತ.

‘ನಿನ್ನನ್ನು ನಾವೇ ಆರಿಸಿ ತಂದೆವು’ ಅನ್ನಬೇಡಿ. ಕೇಳಲು ಚೆಂದ. ಆದರೆ ಆರಿಸಿದ್ದನ್ನು ವಾಪಸ್ ಇಡಬಹುದು ಅಂತ ಮಗುವಿಗೆ ಹೊಳೆಯುತ್ತದೆ. ಆಗ ಆ ಮಗು ತಪ್ಪೇ ಮಾಡದ ಮಗು ಆಗಲು ಹೊರಡುತ್ತದೆ. ಅಂಥ ಮಕ್ಕಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಅವರನ್ನು ನೋಡಿದರೆ ಸಂಕಟ ಆಗುತ್ತಿತ್ತು. ‘ಹೆತ್ತ ತಾಯಿಗೆ ನಿನ್ನ ಮೇಲೆ ತುಂಬಾ ಪ್ರೀತಿ, ಅದಕ್ಕೇ ಕೊಟ್ಟಳು’ ಅನ್ನುವುದೂ ಬೇಡ. ಪ್ರೀತಿ ಇದ್ದವರು ಕೊಟ್ಟುಬಿಡುತ್ತಾರೆ ಅಂದರೆ, ನೀವೂ ಪ್ರೀತಿ ಮಾಡುತ್ತೀರಲ್ಲ? ಅವಳು ಅಲ್ಲಿಗೆ ಹೋಗಿ ನಿಲ್ಲುತ್ತಾಳೆ. ಹೆತ್ತವಳನ್ನು ಬೈಯುವುದಂತೂ ಬೇಡವೇ ಬೇಡ. ಮತ್ತು ಎಂಥಾ ಸಿಟ್ಟಿನಲ್ಲೂ ‘ಅಲ್ಲೇ ಬಿಟ್ಟು ಬರ್ತೀನಿ’ ಅನ್ನಬೇಡಿ. ಬೇರೆ ಮಕ್ಕಳಿಗೆ ಅದು ಬೈಗುಳ, ನಿಮ್ಮ ಮಗಳಿಗೆ ಅದು ಆಗಬಹುದಾದ ಸಂಗತಿ.

ಸಾದಾ ಮಾತು ಸಾಕು. ನೀನು ಇನ್ನೊಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದೆ. ಅವರಿಗೆ ಆಗ ಯಾವ ಮಗುವನ್ನೂ ಸಾಕುವ ಸ್ಥಿತಿ ಇರಲಿಲ್ಲ. ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ನಾವು ನಿನ್ನ ಅಪ್ಪ ಅವ್ವ, ಯಾವತ್ತಿಗೂ. ಇಷ್ಟು ಹೇಳಿ ಅವಳನ್ನು ಕೇಳಲು ಬಿಡಿ. ಅವಳು ಕೇಳಿದಷ್ಟಕ್ಕೆ ಉತ್ತರ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ‘ಸಾಕುವ ಸ್ಥಿತಿ ಇರಲಿಲ್ಲ’ ಅನ್ನುವುದೂ ನಿಮ್ಮ ಕಾಗದದಲ್ಲಿ ಇದ್ದರೆ ಮಾತ್ರ ಹೇಳಿ. ಸುಳ್ಳು ಸೇರಿಸಬಾರದು. ಎಲ್ಲವನ್ನೂ ಒಂದೇ ದಿನ ಹೇಳಲೂಬಾರದು. ಇದು ಒಂದು ಸಲ ಹೇಳಿ ಕೈ ತೊಳೆಯುವ ಮಾತಲ್ಲ. 7ಕ್ಕೆ ಒಂದು ರೀತಿ ಕೇಳುತ್ತಾಳೆ, 13ಕ್ಕೆ ಇನ್ನೊಂದು ರೀತಿ. ತನಗೇ ಮಕ್ಕಳಾದಾಗ ಮತ್ತೊಮ್ಮೆ ಕೇಳಬಹುದು.

18 ತುಂಬಿದ ಮೇಲೆ ಅವಳಿಗೆ ಬೇಕೆನಿಸಿದರೆ ತನ್ನ ಮೂಲ ಹುಡುಕಲು ಅರ್ಜಿ ಹಾಕುವ ದಾರಿ ದತ್ತು ನಿಯಮದಲ್ಲೇ ಇದೆ. ಹೆತ್ತವರ ಗುಟ್ಟು ಕಾಯುವ ಹಕ್ಕನ್ನೂ ಅದು ಕಾಪಾಡುತ್ತದೆ. ಆದ್ದರಿಂದ ಎಲ್ಲ ಸಿಗುತ್ತದೆ ಅಂತ ಮಾತು ಕೊಡಬೇಡಿ. ಆದರೆ ಅವಳು ಬಂದ ಕೇಂದ್ರದ ಹೆಸರು, ಬಟ್ಟೆ, ಫೋಟೋ ಏನಿದ್ದರೂ ಜೋಪಾನವಾಗಿಡಿ. ಅವು ಅವಳವು.

ಸಿರುಗುಪ್ಪದ ತಮ್ಮ, ನಿಮ್ಮ ಕಥೆಯಿಂದ ಇನ್ನೊಂದು ಮಾತು. ಬಂಧುಗಳಲ್ಲಿ ಮಗು ಕೊಟ್ಟು ತೆಗೆದುಕೊಳ್ಳುವುದು ತಪ್ಪಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ. ಮಗುವಿಗೆ 15 ತುಂಬಿರಬಾರದು, ಮನೆಯಲ್ಲಿ ಮಗ ಇದ್ದರೆ ಮತ್ತೆ ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ, ಹೀಗೆ ಕೆಲವು ಷರತ್ತುಗಳಿವೆ. ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಸಹಿ ಹಾಕಿದ ದತ್ತಕ ಪತ್ರ ನೋಂದಣಿ ಆಗಿದ್ದರೆ, ಅದು ಸುಳ್ಳು ಅಂತ ಯಾರಾದರೂ ಸಾಬೀತು ಮಾಡುವವರೆಗೆ ಕೋರ್ಟು ಆ ದತ್ತಕವನ್ನು ಒಪ್ಪುತ್ತದೆ. ನಿಮ್ಮ ಅಪ್ಪ ಒಂದು ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದರೆ ನಿಮ್ಮ ಮೇಲೆ ಆ ಮಾತು ಬರುತ್ತಿರಲಿಲ್ಲ. ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಬಾಯಿ ಮಾತಿನ ಮಗು ಇದ್ದರೆ, ದೊಡ್ಡವರು ಬದುಕಿರುವಾಗಲೇ ಒಬ್ಬ ವಕೀಲರನ್ನು ಕಂಡು ಏನು ಮಾಡಬಹುದು ಕೇಳಿ.

—

ಹಳೇ ಸಿಸ್ಟರ್ (ಬಳ್ಳಾರಿ)

ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಕಾಗದದ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗದ ಹುಡುಗಿ, ಗಂಡ ಬಿಟ್ಟವಳು, ಐದನೇ ಹೆಣ್ಣು ಹೆತ್ತವಳು. ಇಂಥವರ ಹಾಸಿಗೆ ಹತ್ತಿರ ಯಾರೋ ಒಬ್ಬರು ಬಂದು ಕೂರುತ್ತಾರೆ. ‘ಒಳ್ಳೆ ಮನೆಯವರಿದ್ದಾರೆ, ಯಾರಿಗೂ ಗೊತ್ತಾಗಲ್ಲ’ ಅಂತ. ನಾನು ಅಂಥವರನ್ನು ಓಡಿಸಿದ್ದೇನೆ. ಕೆಲವು ಸಲ ತಡವಾಗಿ ಬಂದಿದ್ದೇನೆ, ಮಗು ಹೋಗಿತ್ತು. ಆ ತಾಯಂದಿರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ದಯವಿಟ್ಟು ತಿಳಿಯಿರಿ. ಹೊರಗಿನವರ ಮಗುವನ್ನು ಹೀಗೆ ಕೈಯಿಂದ ಕೈಗೆ ತೆಗೆದುಕೊಳ್ಳುವುದು ಅಪರಾಧ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 3 ವರ್ಷದ ತನಕ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಮಾರಾಟ ಆದರೆ 5 ವರ್ಷದ ತನಕ. ಮಗುವನ್ನು ಸಾಕಲಾರದ ತಾಯಿಗೆ ನೆಟ್ಟಗಿನ ದಾರಿ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಸಾಕು. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಮಗುವನ್ನು ಒಪ್ಪಿಸಬಹುದು. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು 60 ದಿನ ಇರುತ್ತದೆ. ಆ 60 ದಿನದ ಬೆಲೆ ನನಗೆ ಗೊತ್ತು. ಹೆತ್ತ ಮೂರನೇ ದಿನ ‘ಬೇಡ’ ಅಂದವಳು ಎದೆ ಹಾಲು ಕಟ್ಟಿದಾಗ ‘ಕೊಡಿ’ ಅಂತ ಬಂದದ್ದನ್ನು ನೋಡಿದ್ದೇನೆ. ಮಧ್ಯವರ್ತಿ ಕೈಗೆ ಹೋದ ಮಗುವಿಗೆ 60 ದಿನವೂ ಇಲ್ಲ, ಹೆಸರೂ ಇಲ್ಲ, ಮುಂದೆ ಹುಡುಕಲು ಒಂದು ಹಾಳೆಯೂ ಇಲ್ಲ.

ಕೊಪ್ಪಳದ ತಂಗಿ, ನಿಮ್ಮ ಮಗಳಿಗೆ ಆ ಹಾಳೆ ಇದೆ. ಅವಳಿಗೆ ಹೇಳಲು ನಿಮ್ಮ ಹತ್ತಿರ ನಿಜ ಇದೆ. ಹೆದರಬೇಡಿ.

—

ಸೀಮೆಸುಣ್ಣ (ಯಲಬುರ್ಗಾ)

ನಾನು ಪ್ರಾಥಮಿಕ ಶಾಲೆ ಶಿಕ್ಷಕ. ಅಕ್ಕಾ, ಒಂದೇ ಮಾತು. ಮುಂದಿನ ತರಗತಿಗಳಲ್ಲಿ ಕುಟುಂಬದ ಪಾಠ ಬರುತ್ತದೆ, ವಂಶವೃಕ್ಷ ಬರೆದು ತನ್ನಿ ಅಂತ ಹೇಳುತ್ತೇವೆ. ನಾನೂ ಯೋಚನೆ ಇಲ್ಲದೆ ಹೇಳಿದ್ದೇನೆ. ‘ನೀನು ಯಾರ ಹಾಗೆ ಇದ್ದೀ, ಅಪ್ಪನ ಹಾಗೋ ಅಮ್ಮನ ಹಾಗೋ’ ಅಂತ ಕೇಳಿದ್ದೇನೆ. ಒಬ್ಬ ಹುಡುಗಿ ಆ ದಿನ ಖಾಲಿ ಹಾಳೆ ಕೊಟ್ಟಳು. ಕಾರಣ ನನಗೆ ಗೊತ್ತಾದದ್ದು ವರ್ಷದ ಕೊನೆಗೆ. ಈಗ ‘ನಿನ್ನ ಮನೆಯಲ್ಲಿ ಯಾರ್‍ಯಾರು ಇದ್ದಾರೆ, ಯಾರು ನಿನಗೆ ಏನು ಮಾಡಿಕೊಡುತ್ತಾರೆ ಬರಿ’ ಅನ್ನುತ್ತೇನೆ. ಎಲ್ಲ ಮಕ್ಕಳೂ ಬರೆಯುತ್ತಾರೆ.

—

ಗುಳೆ ಹೋದ ಮನೆ (ದೇವದುರ್ಗ)

ಒಂದು ಸಂದೇಹ. ನಮ್ಮ ಓಣಿಯಲ್ಲಿ ಅರ್ಧ ಮನೆಗಳಲ್ಲಿ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಮಕ್ಕಳು ಅಜ್ಜಿ ಹತ್ತಿರ. ನನ್ನ ಅಕ್ಕನೂ ತೀರಿಕೊಂಡಳು, ಅವಳ ಇಬ್ಬರು ಮಕ್ಕಳು ನಮ್ಮ ಅವ್ವನ ಹತ್ತಿರವೇ ಇವೆ. ಮಾವ, ಅಂದರೆ ಅಕ್ಕನ ಗಂಡ, ಬೇರೆ ಮದುವೆ ಆಗಿ ಹೋದರು. ಅವ್ವನಿಗೆ ಈಗ ಕೂಲಿ ಆಗುವುದಿಲ್ಲ. ಮಕ್ಕಳನ್ನು ಬಾಲಮಂದಿರಕ್ಕೆ ಹಾಕಿಬಿಡಿ, ಅಲ್ಲಿ ಊಟಕ್ಕೆ ಕೊರತೆ ಇಲ್ಲ ಅಂತ ಊರವರು ಹೇಳುತ್ತಾರೆ. ಅವ್ವ ಅಳುತ್ತಾಳೆ. ಏನು ಮಾಡಲಿ?

—

ಘಟಕದಲ್ಲಿದ್ದವಳು (ರಾಯಚೂರು)

ದೇವದುರ್ಗದ ತಮ್ಮ, ಹಾಕಬೇಡಿ. ಊಟಕ್ಕಾಗಿ ಮಗು ಮನೆ ಬಿಡಬಾರದು. ಸಂಸ್ಥೆ ಕೊನೆಯ ದಾರಿ ಅಂತ ಕಾಯ್ದೆಯೇ ಹೇಳುತ್ತದೆ.

ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಮಕ್ಕಳ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ಮಗು ತನ್ನ ಮನೆಯಲ್ಲೇ, ಬಂಧುಗಳ ಹತ್ತಿರವೇ ಇರಲಿ ಅಂತ ಕೊಡುವ ದುಡ್ಡು ಅದು. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ದಾಟಿರಬಾರದು, ಪಟ್ಟಣದಲ್ಲಿ 96,000. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅರ್ಜಿ ಕೊಡಿ. ಅಕ್ಕನ ಮರಣ ಪ್ರಮಾಣಪತ್ರ, ಮಕ್ಕಳ ಆಧಾರ್, ಶಾಲೆಯ ದಾಖಲೆ, ಆದಾಯ ಪತ್ರ ಜೊತೆಗಿರಲಿ. ತಂದೆ ಬದುಕಿದ್ದಾರೆ, ಆದರೆ ನೋಡಿಕೊಳ್ಳುತ್ತಿಲ್ಲ ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಹೋಗಿ. ನಿಮ್ಮ ಅವ್ವನಿಗೆ ಹೇಳಿ, ಮಕ್ಕಳನ್ನು ಇಟ್ಟುಕೊಂಡದ್ದು ಸರಿಯಾದ ಕೆಲಸ.

—

ಎಡದಂಡೆ ಕಾಲುವೆ (ಸಿಂಧನೂರು)

ಇಲ್ಲಿ ದತ್ತು ಬಗ್ಗೆಯೇ ಮಾತು ನಡೆದಿದೆ. ನಾವು ಪೋಷಕತ್ವದಲ್ಲಿ (ಫಾಸ್ಟರ್ ಕೇರ್) ಮಕ್ಕಳನ್ನು ಇಟ್ಟುಕೊಂಡವರು. ಮಗು ನಮ್ಮದಾಗುವುದಿಲ್ಲ, ಒಂದು ಹೊತ್ತಿನವರೆಗೆ ನಮ್ಮ ಮನೆಯಲ್ಲಿ ಬೆಳೆಯುತ್ತದೆ. ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ಮಕ್ಕಳ ಕಲ್ಯಾಣ ಸಮಿತಿಯವರು ನೋಡಬೇಕು ಅಂತ ನಿಯಮ.

ಅಕ್ಕ ತಮ್ಮ ಇಬ್ಬರು. ಅವಳಿಗೆ 11, ಅವನಿಗೆ 8. ತಂದೆ ಇಲ್ಲ, ತಾಯಿಗೆ ದೊಡ್ಡ ಕಾಯಿಲೆ, ಆಸ್ಪತ್ರೆ ಅಲೆದಾಟ. ಇಬ್ಬರನ್ನೂ ಒಟ್ಟಿಗೇ ಕೊಡಿ ಅಂದೆವು. ಒಂದು ಮಗು ಸಾಕು ಅಂದಿದ್ದರೆ ಆ ಮಕ್ಕಳ ಕಥೆ ಏನಾಗುತ್ತಿತ್ತೋ, ಈಗಲೂ ಯೋಚಿಸಲು ಭಯ ಆಗುತ್ತದೆ.

ಮೊದಲ ತಿಂಗಳು ಮನೆಯಲ್ಲಿ ಏನೋ ವಾಸನೆ. ಹುಡುಕಿದರೆ ಅವಳ ಶಾಲೆ ಚೀಲದಲ್ಲಿ, ಬಟ್ಟೆ ಮಡಿಕೆಯಲ್ಲಿ ಜೋಳದ ರೊಟ್ಟಿ ತುಣುಕು, ಬೆಲ್ಲ, ಬೂಷ್ಟು ಹಿಡಿದ ಚಪಾತಿ. ತಮ್ಮನಿಗೆ ಅಂತ ಎತ್ತಿಟ್ಟಿದ್ದಳು. ನನ್ನ ಹೆಂಡತಿ ಬೈಯಲಿಲ್ಲ. ಒಂದು ಸ್ಟೀಲ್ ಡಬ್ಬಿ ಕೊಟ್ಟು, ‘ಇದು ನಿಮ್ಮಿಬ್ಬರದ, ರಾತ್ರಿ ಹಸಿವಾದ್ರ ತಿನ್ರಿ, ನಾ ದಿನಾ ತುಂಬ್ತೀನಿ’ ಅಂದಳು. ದಿನಾ ತುಂಬಿದಳು. 4 ತಿಂಗಳಿಗೆ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಉಳಿಯತೊಡಗಿತು.

ಹುಡುಗಿ ತಮ್ಮನಿಗೆ ಸ್ನಾನ ಮಾಡಿಸಲು ನಮ್ಮನ್ನು ಬಿಡುತ್ತಿರಲಿಲ್ಲ. ಬಾಗಿಲ ಹತ್ತಿರವೇ ಮಲಗುತ್ತಿದ್ದಳು. 11 ವರ್ಷದ ಮಗು ತಾಯಿ ಆಗಿಬಿಟ್ಟಿತ್ತು. ಅವಳ ಕೈಯಿಂದ ಆ ಕೆಲಸ ಕಿತ್ತುಕೊಂಡರೆ ಅವಳ ಹತ್ತಿರ ಏನೂ ಉಳಿಯುವುದಿಲ್ಲ ಅಂತ ನಮಗೆ ಅನಿಸಿತು. ಅದಕ್ಕೇ ಜೊತೆಗೆ ಮಾಡಿದೆವು. ಅವಳು ನೀರು ಹಾಕಿದರೆ ನನ್ನ ಹೆಂಡತಿ ತಲೆ ಒರೆಸುವುದು. ಒಂದು ವರ್ಷದ ಮೇಲೆ ಒಂದು ಭಾನುವಾರ ‘ಕಾಕಿ, ಇವತ್ತ ನೀವ ಎರೀರಿ, ನಾ ಆಡಾಕ ಹೋಗ್ತೀನಿ’ ಅಂದಳು. ಆ ದಿನ ನನ್ನ ಹೆಂಡತಿ ಬಚ್ಚಲಲ್ಲಿ ಕೂತು ಅತ್ತಳು.

ಅಪ್ಪ ಅನ್ನಿ, ಅವ್ವ ಅನ್ನಿ ಅಂತ ನಾವು ಹೇಳಲಿಲ್ಲ. ಅವರ ಅವ್ವ ಬದುಕಿದ್ದರು. ಕಾಕಾ, ಕಾಕಿ ಅಂದರು.

ನಮ್ಮ ಸ್ವಂತ ಮಗನ ಮಾತನ್ನೂ ಹೇಳಬೇಕು. ಅವನಿಗೆ ಆಗ 14. ಮೊದಲು ಉತ್ಸಾಹ ಇತ್ತು. ಆಮೇಲೆ ‘ಎಲ್ಲಾ ಅವರಿಗೇ’ ಅನ್ನಲು ಶುರು ಮಾಡಿದ. ಅಂಕ ಇಳಿಯಿತು. ನಾವು ಅವನನ್ನು ದೊಡ್ಡವನು, ಅರ್ಥ ಮಾಡಿಕೊಳ್ಳುತ್ತಾನೆ ಅಂತ ಬಿಟ್ಟಿದ್ದೆವು. ಅದು ನಮ್ಮ ತಪ್ಪು. ವಾರಕ್ಕೊಂದು ಸಂಜೆ ನಾನು ಅವನೊಬ್ಬನ ಜೊತೆ ಹೊಲಕ್ಕೆ ಹೋಗತೊಡಗಿದೆ. ಅಷ್ಟರಿಂದಲೇ ಬಹಳ ಸುಧಾರಿಸಿತು.

ಎರಡೂವರೆ ವರ್ಷದ ಮೇಲೆ ತಾಯಿ ಚೇತರಿಸಿಕೊಂಡರು. ಮಕ್ಕಳು ಹೋದರು. ಅದಕ್ಕೇ ಇಟ್ಟುಕೊಂಡದ್ದು, ಗೊತ್ತಿತ್ತು. ಆದರೂ ಹದಿನೈದು ದಿನ ಮನೆಯಲ್ಲಿ ಯಾರೂ ಟಿವಿ ಹಚ್ಚಲಿಲ್ಲ. ಡಬ್ಬಿಯನ್ನು ಅವಳು ಜೊತೆಗೆ ಒಯ್ದಳು.

ಕೇಳುವವರಿಗೆ ಹೇಳುತ್ತೇನೆ. 2024ರ ಹೊಸ ಮಾರ್ಗಸೂಚಿಯಲ್ಲಿ ಮದುವೆಯಾಗದವರು, ಒಂಟಿಯಾಗಿರುವವರು ಕೂಡ 35 ದಾಟಿದ್ದರೆ ಪೋಷಕತ್ವದಲ್ಲಿ ಮಕ್ಕಳನ್ನು ಇಟ್ಟುಕೊಳ್ಳಬಹುದು. ಕಾನೂನಿನ ಪ್ರಕಾರ ದತ್ತು ಕೊಡಲು ಮುಕ್ತವಾದ ಮಗುವಾದರೆ, 2 ವರ್ಷ ಜೊತೆಗಿದ್ದ ಮೇಲೆ ದತ್ತು ಕೇಳಬಹುದು. ಮೊದಲು ಅದಕ್ಕೆ 5 ವರ್ಷ ಬೇಕಿತ್ತು. ದೊಡ್ಡ ಮಕ್ಕಳು ಬೇಡ ಅಂತ ದಯವಿಟ್ಟು ಅನ್ನಬೇಡಿ. ಎಲ್ಲರೂ ತೊಟ್ಟಿಲ ಕೂಸಿಗೇ ಕಾಯುತ್ತಾರೆ. 8, 10 ವರ್ಷದ ಮಕ್ಕಳು ಕಿಟಕಿಯಲ್ಲಿ ನಿಂತು ನೋಡುತ್ತಿರುತ್ತಾರೆ.

—

ಕಂಪ್ಲಿ ತಾತ (ಕಂಪ್ಲಿ)

ಎಲ್ಲ ಓದಿದೆ. ಸಿರುಗುಪ್ಪದ ಹುಡುಗನ ಮಾತು ಎರಡು ಸಲ ಓದಿದೆ. ನಮ್ಮ ಮನೆಯ ದತ್ತಕದ ಮಕ್ಕಳು ಚೆನ್ನಾಗಿ ಬೆಳೆದರು ಅಂದಿದ್ದೆ. ಅವರಲ್ಲಿ ಒಬ್ಬರು ನನ್ನ ಅಣ್ಣ. ಅವರನ್ನು ಒಂದು ಸಲವೂ ನಾನು ಕೇಳಿಲ್ಲ. ನಿನ್ನೆ ಫೋನ್ ಮಾಡಿದೆ. ಅವರಿಗೆ 12 ವರ್ಷ ಇದ್ದಾಗಲೇ ಗೊತ್ತಾಗಿತ್ತಂತೆ. ಅಮ್ಮನಿಗೆ ಬೇಜಾರಾಗುತ್ತದೆ ಅಂತ 60 ವರ್ಷ ಸುಮ್ಮನಿದ್ದರಂತೆ. ತಾಯೀ, ಹೇಳಿಬಿಡು.

—

ಕಿನ್ನಾಳ ಬೊಂಬೆ (ಕೊಪ್ಪಳ)

20 ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಹೇಳಿದೆವು.

ನಾನು, ನಮ್ಮ ಮನೆಯವರು ಇಬ್ಬರೂ ಅವಳ ಪಕ್ಕ ಕೂತು, ರಾಯಚೂರಿನ ಅಕ್ಕ ಬರೆದ ಹಾಗೆ ಸಾದಾ ಮಾತಲ್ಲಿ. ನನ್ನ ಗಂಟಲು ಕಟ್ಟಿತು, ಉಳಿದದ್ದನ್ನು ಅವರು ಹೇಳಿದರು. ಅವಳು ಅಳಲಿಲ್ಲ. ‘ಮತ್ತ ಬಸ್ಸಿನ್ಯಾಗ ಯಾಕ ಹೇಳ್ಲಿಲ್ಲ?’ ಅಂದಳು. ಹೆದರಿದ್ದೆ ಅಂದೆ. ‘ನಾನೂ ಹೆದರಿದ್ದೆ’ ಅಂದಳು.

ಅಳು ಬಂದದ್ದು 3 ದಿನದ ಮೇಲೆ, ಚಪ್ಪಲಿ ಕಳೆದದ್ದಕ್ಕೆ. ಒಂದು ತಾಸು ಅತ್ತಳು. ಚಪ್ಪಲಿಗೆ ಅಲ್ಲ ಅಂತ ನಮಗೆ ಗೊತ್ತಿತ್ತು. ಎತ್ತಿಕೊಂಡು ಕೂತೆ. ‘ಆ ಅವ್ವಗ ನನ್ನ ನೆನಪ ಬರ್ತದೇನು?’ ಅಂತ ಕೇಳಿದಳು. ಗೊತ್ತಿಲ್ಲವ್ವ, ಬರಬಹುದು ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವಳು ಬಂದ ದಿನ ಹಾಕಿದ್ದ ಹಳದಿ ಫ್ರಾಕು ಟ್ರಂಕಿನಲ್ಲಿತ್ತು. ಕೊಟ್ಟೆ. ಈಗ ರಾತ್ರಿ ಆ ದಿನದ ಕಥೆ ಹೇಳು ಅನ್ನುತ್ತಾಳೆ. ದಾರಿಯಲ್ಲಿ ಕಾರು ಪಂಕ್ಚರ್ ಆದದ್ದು, ಅವಳು ಅಪ್ಪನ ಅಂಗಿ ಮೇಲೆ ಹಾಲು ಕಕ್ಕಿದ್ದು, ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದು. ಪಂಕ್ಚರ್ ಬಿಟ್ಟರೆ ತಡೆದು ನಿಲ್ಲಿಸುತ್ತಾಳೆ. ಆರತಿಯ ಭಾಗವನ್ನು ಈಗ ಅತ್ತೆಯೇ ಹೇಳುತ್ತಾರೆ. ಸೆರಗು ಹಿಡಿದು ಮಲಗುವುದು ಇನ್ನೂ ಇದೆ. ಇರಲಿ ಬಿಡಿ.

ಬರುವ ಸೋಮವಾರ ಅದೇ ಗಂಗಾವತಿ ಕಡೆ ಮದುವೆ. ಅದೇ ದೊಡ್ಡವ್ವ ಇರುತ್ತಾರೆ. ಹೋಗುವುದೋ ಬೇಡವೋ ಅಂತ ನಾವಿಬ್ಬರೂ ಅಡುಗೆ ಮನೆಯಲ್ಲಿ ಮಾತಾಡುತ್ತಿದ್ದೆವು. ಒಳಗಿಂದ ಕೇಳಿಸಿಕೊಂಡು ಬಂದಳು. ‘ಹೋಗೂಣು. ಯಾರರ ಕೇಳಿದ್ರ ನಾನ ಹೇಳ್ತೀನಿ. ಇಲ್ಲಂದ್ರ ಹೇಳೂದುಲ್ಲ. ನೀ ಸುಮ್ನಿರವ್ವ’ ಅಂದಳು.